ಮಾರ್ಗವ್ವನ ಬೀಗದ ಕೋಣೆ

ಮಧ್ಯಾಹ್ನದ ಊಟ ಮುಗಿಸಿ, ರೊಟ್ಟಿ ಬಡಿದ ಹಿಟ್ಟು ಇನ್ನೂ ಉಗುರಿನ ಸಂದಿಯಲ್ಲಿರುವಾಗಲೇ ಪಡಸಾಲೆಯ ತಣ್ಣನೆಯ ಫರಸಿಯ ಮೇಲೆ ದಿಂಬು ಹಾಕಿಕೊಂಡು, ತಿರುಗಲೋ ಬೇಡವೋ ಎಂದು ಯೋಚಿಸುವ ಫ್ಯಾನಿನ ಕೆಳಗೆ ಒಂದು ನಿಗೂಢ ಕೊಲೆಯ ಕಾದಂಬರಿ ತೆರೆಯುವ ಸುಖ ನಿಮಗೂ ಗೊತ್ತಿರಬಹುದು. ಗೊತ್ತಿದ್ದರೂ ನಾಲ್ಕು ಜನರ ಮುಂದೆ ಒಪ್ಪಿಕೊಂಡಿರಲಾರಿರಿ, ನಾನೂ ಒಪ್ಪಿರಲಿಲ್ಲ. ಸಿಂದಗಿಯ ಕಾಲೇಜಿನಲ್ಲಿ ಕನ್ನಡ ಕಲಿಸುವವಳು, ಆಗಾಗ ವೇದಿಕೆ ಹತ್ತಿ ವಚನಗಳ ಬಗ್ಗೆ ಗಂಭೀರವಾಗಿ ಮಾತಾಡುವವಳು, ಕೊಲೆ ಮಾಡಿದವರಾರೆಂಬ ಚಿಂತೆಯಲ್ಲಿ ಸಾರು ಸೀಯಿಸಿದಳೆಂದರೆ ಸಾಹಿತ್ಯಕ್ಕೆ ಏನು ಮರ್ಯಾದೆ ಉಳಿದೀತು? ಅದಕ್ಕೇ ಬಸವನ ಬಾಗೇವಾಡಿಯ ನನ್ನ ತಂಗಿ ಕೊಟ್ಟ ಆ ಅನುವಾದಿತ ಕಾದಂಬರಿಗೆ ನಾನು ಒಂದು ವಿಮರ್ಶಾ ಗ್ರಂಥದ ಹೊದಿಕೆ ತೊಡಿಸಿದ್ದೆ. ಒಳಗೆ ಹೆಣ, ಹೊರಗೆ ಮೀಮಾಂಸೆ.

ಅದು ಮಹಾ ನಿಧಾನದ ಪುಸ್ತಕ. ಸೆಗಣಿ ಕುಳ್ಳಿನ ಉರಿಯ ಮೇಲಿಟ್ಟ ಹಾಲಿನಂತೆ ಕೆಂಪಗಾಗುತ್ತಿತ್ತೇ ಹೊರತು ಉಕ್ಕುತ್ತಿರಲಿಲ್ಲ. ಕಡಲ ದಂಡೆಯ ಬಂಡೆಯ ಮೇಲೊಂದು ಹಳೆಯ ಬಂಗಲೆ. ಮಾತಿಗಿಂತ ನಿಟ್ಟುಸಿರನ್ನೇ ಹೆಚ್ಚು ಬಳಸುವ ಅದರ ಯಜಮಾನ. ಮೆಟ್ಟಿಲಿನಿಂದ ಬಿದ್ದು ಸತ್ತನೆಂದು ಎಲ್ಲರೂ ಹೇಳುವ ಅವನ ತಮ್ಮ. ಅವರ ಹಾಸಿಗೆ ಹಿಡಿದ ಅಕ್ಕನ ಆರೈಕೆಗೆಂದು ಬಂದಿಳಿದ ಮಾರ್ಗರೆಟ್ ಎಂಬ ಹುಡುಗಿ. ಮಹಡಿಯ ತುದಿಗೆ ಸದಾ ಬೀಗ ಹಾಕಿರುವ ಒಂದು ಕೋಣೆ. ಮಂಜು ಮಾತ್ರ ಪುಟಪುಟಕ್ಕೂ ಧಾರಾಳ. ನಮ್ಮ ಕಡೆ ಮಂಜು ಎಂದರೆ ಓಣಿಯ ಯಾವುದೋ ಹೆಣ್ಣುಮಗಳ ಹೆಸರು. ಕೂಗಿದರೆ ನಾಲ್ವರು ಓಗೊಟ್ಟಾರು. ಹೊರಗೆ ಬಿಸಿಲು ಅಂಗಳವನ್ನು ಹಂಚಿನಂತೆ ಕಾಯಿಸುತ್ತಿದ್ದರೆ ಒಳಗೆ ನಾನು ಮಾರ್ಗರೆಟ್ಟಿನ ಜೊತೆ ಚಳಿಗೆ ನಡುಗುತ್ತಿದ್ದೆ.

"ಏನ ಓದಾಕತ್ತೀಯವಾ ಕಸ್ತೂರಿ? ಬಾಯಿ ತೆರದು ಓದು, ನನಗೂ ಕೇಳಲಿ" ಎಂದರು ಒಂದು ದಿನ ಪಕ್ಕದಲ್ಲೇ ಅಡ್ಡಾಗಿದ್ದ ನನ್ನ ಅತ್ತೆ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಗೂಟಕ್ಕೆ ತೂಗುಹಾಕಿದ ಮಗನ ಅಂಗಿಗೆ "ಬರ್ರಿ, ಯಾವಾಗ ಬಂದ್ರಿ?" ಎಂದು ಉಪಚಾರ ಹೇಳುವ ಮಟ್ಟ ತಲುಪಿದ್ದರೂ, ಆಪರೇಶನ್ ಮಾತೆತ್ತಿದರೆ "ನನಗ ಎಲ್ಲಾ ಕಾಣತೈತಿ, ಕಣ್ಣಿಗೆ ಕತ್ರಿ ಹಚ್ಚಾಕ ಬಿಡೂದಿಲ್ಲ" ಎಂದು ಮುಖ ತಿರುಗಿಸುತ್ತಿದ್ದರು. ಇನ್ನೂ ಬಲಿತರೆ ಕಷ್ಟವೆಂದು ವೈದ್ಯರು ಎಚ್ಚರಿಸಿದ್ದರು. ಒಮ್ಮೆ ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ತೆಗೆಯಲು ಹೋದವರು ಅಂಚು ಕಾಣದೆ ಇನ್ನೊಂದು ಹೆಜ್ಜೆ ಇಡುವಷ್ಟರಲ್ಲಿ ನಾನು ಸೆರಗು ಹಿಡಿದು ಎಳೆದಿದ್ದೆ. ಆಗಲೂ ಅವರು ಬೈದದ್ದು ಸೆರಗು ಹರಿದದ್ದಕ್ಕೆ.

ಅತ್ತೆ ಓದೆಂದು ಕೇಳಿದ ದಿನದಿಂದ ನಾನು ಗಟ್ಟಿಯಾಗಿ ಓದತೊಡಗಿದೆ. ಮೂರನೆಯ ಮಧ್ಯಾಹ್ನದ ಹೊತ್ತಿಗೆ ಮಾರ್ಗರೆಟ್ ನಮ್ಮ ಮನೆಯಲ್ಲಿ ಮಾರ್ಗವ್ವ ಆಗಿದ್ದಳು.

"ಅಲ್ಲ, ಇಷ್ಟ ಖೋಲಿ ಕಸಾ ಯಾರ ಹೊಡೀತಾರ?" ಎಂಬುದು ಬಂಗಲೆಯ ಕೋಣೆಗಳ ಬಗ್ಗೆ ಅತ್ತೆಯ ಮೊದಲ ಅನುಮಾನ. ಪರದೆ ತಾನಾಗಿ ಅಲುಗಿ ಮಾರ್ಗವ್ವ ಚೀರಿದಾಗ, "ಗಾಳಿ ಬಿಟ್ಟರ ಕಿಡಕಿ ಮುಚ್ಚಬೇಕಪ್ಪಾ, ಒದರೂದ್ಯಾಕ?" ಎಂದರು. ಅಧ್ಯಾಯವೊಂದು ಮುಗಿದರೂ ಅವಳು ಮೆಟ್ಟಿಲು ಹತ್ತುತ್ತಲೇ ಇದ್ದಾಗ, "ಇಕಿ ಮ್ಯಾಲ ಮುಟ್ಟೂದರಾಗ ನಾ ಸಾಯತೇನಿ ನೋಡು" ಎಂದು ಕಿಡಿಕಾರಿದರು. ಆದರೆ ಮರುದಿನ ಊಟಕ್ಕೆ ಕುಳಿತಾಗಿನಿಂದಲೇ "ಲಗೂ ಉಣ್ಣು, ಮಾರ್ಗವ್ವ ಮೆಟ್ಟಲದಾಗ ನಿಂತಾಳ" ಎಂದು ಅವಸರಪಡಿಸಿದವರೂ ಅವರೇ. ನಮ್ಮ ಮನೆಯವರು ಇದೆಲ್ಲ ಕೆಲಸವಿಲ್ಲದವರ ಓದು ಎಂದು ಪತ್ರಿಕೆಯ ಹಿಂದೆ ಅಡಗುತ್ತಿದ್ದರು. ಪತ್ರಿಕೆಯ ಪುಟ ಮಾತ್ರ ಮಗುಚುತ್ತಿರಲಿಲ್ಲ.

ಕೊನೆಗೂ ಮಾರ್ಗವ್ವ ಬೀಗದ ಕೋಣೆಯ ಮುಂದೆ ನಿಂತು, ಕದ್ದ ಕೀಲಿಯನ್ನು ಬೀಗದೊಳಗೆ ಇಟ್ಟಳು. ನಾನು ಪುಸ್ತಕ ಮುಚ್ಚಿದೆ.

"ಮುಂದ?" ಎಂದರು ಅತ್ತೆ.

"ಮುಂದಿಂದು ನೀವ ಓದಬೇಕ್ರಿ ಅತ್ತಿ. ಕಣ್ಣ ಆಪರೇಶನ್ ಆದ ಮ್ಯಾಲ."

ಪತ್ರಿಕೆ ಮೆಲ್ಲಗೆ ಕೆಳಗಿಳಿಯಿತು. ಅತ್ತೆ ಎದ್ದು ಕುಳಿತರು. ತಾಂಬಾ ಎಂಬ ಹಳ್ಳಿಯ ಸಾಲಿಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವರು ಅವರು. ಅಕ್ಷರ ಬರುತ್ತಿತ್ತು, ಕಾಣುತ್ತಿರಲಿಲ್ಲ ಅಷ್ಟೆ. "ಹಾಂಗಾದ್ರ ನೀನೂ ಓದಬಾರದು. ಆಣಿ ಮಾಡು" ಎಂದು ನನ್ನ ಕೈಯನ್ನು ತಮ್ಮ ನೆತ್ತಿಯ ಮೇಲೆ ಇಡಿಸಿಕೊಂಡರು. ಹೀಗೆ ನಾನು ತೋಡಿದ ಗುಂಡಿಯಲ್ಲಿ ನಾನೂ ಇಳಿದೆ.

ಮುಂದಿನ ದಿನಗಳು ನಮ್ಮ ಮನೆಯನ್ನೇ ಆ ಬಂಗಲೆ ಮಾಡಿದವು. ಮಾತಿಲ್ಲ, ಬರೀ ನಿಟ್ಟುಸಿರು. ಅತ್ತೆ ಮಗನ ಮುಂದೆ "ನಿನ್ನ ಹೇಣತಿ ಮನಸ ಕಲ್ಲ" ಎಂದು ದೂರಿ, ಗುಟ್ಟಾಗಿ ಓದಿ ಹೇಳೆಂದು ಅವರಿಗೆ ತುಪ್ಪದ ಹೋಳಿಗೆಯ ಆಸೆ ತೋರಿಸಿದರು. ಅವರೂ ಒಪ್ಪಿ ಹುಡುಕಿದರು. ಆದರೆ ಪುಸ್ತಕ ಜೋಳದ ಡಬ್ಬಿಯ ತಳದಲ್ಲಿತ್ತು. ಜೋಳ ತೆಗೆಯುವಾಗಲೆಲ್ಲ ಬೆರಳಿಗೆ ಅದರ ರಟ್ಟು ತಾಗಿದರೆ ಆಣೆ ನೆನೆದು ಬೇಗ ಮುಚ್ಚಳ ಹಾಕುತ್ತಿದ್ದೆ. ಕತ್ತಲೆಯ ಬಾಗಿಲ ಮುಂದೆ ಹಿಂದೆಗೆಯುವ ಮಾರ್ಗವ್ವನನ್ನು ನಾವು ಎಷ್ಟು ಹಂಗಿಸಿದ್ದೆವು! ಪುಸ್ತಕದ ಬಾಗಿಲಾದರೆ ಎಲ್ಲರೂ ಶೂರರೇ. ನಮ್ಮದೇ ಬಾಗಿಲಿನ ಮುಂದೆ ನಮ್ಮ ಕಾಲುಗಳೂ ನೆಲಕ್ಕೆ ಅಂಟಿಕೊಳ್ಳುತ್ತವೆ.

ಒಂದು ಬೆಳಿಗ್ಗೆ ಅತ್ತೆ ತಾವಾಗಿಯೇ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಬಂದು ಕುಳಿತರು. "ನಡಿ, ಆ ಖೋಲ್ಯಾಗ ಏನೈತಿ ನೋಡೇ ಬಿಡೂಣು."

ವಿಜಯಪುರದ ಕಣ್ಣಿನ ದವಾಖಾನೆಯಲ್ಲಿ ಆಪರೇಶನ್ ಕೋಣೆಯ ಬಾಗಿಲು ತೆರೆದಾಗ ಅವರು ನನ್ನ ಕೈ ಹಿಡಿದರು. ಅಂಥ ಬಿಸಿಲಿನಲ್ಲೂ ಆ ಕೈ ತಣ್ಣಗಿತ್ತು. "ಮಾರ್ಗವ್ವಗ ಹಿಂಗ ಆಗಿರಬೇಕು" ಎಂದರು. ಅಷ್ಟು ದಿನ ಗೆದ್ದವಳಂತೆ ಬೀಗುತ್ತಿದ್ದ ನನಗೆ, ಇವರ ಕಣ್ಣಿಗೇನಾದರೂ ಆದರೆ ಎಂಬ ಭಯ ಹುಟ್ಟಿತು. "ನಾ ಇಲ್ಲೇ ಬಾಗಿಲದಾಗ ಇರತೇನ್ರಿ" ಎಂದಷ್ಟೇ ಹೇಳಿದೆ. ಪುಸ್ತಕದಲ್ಲಾಗಿದ್ದರೆ ಆ ಕಾಯುವಿಕೆಗೆ ಒಂದು ಅಧ್ಯಾಯ ಹಿಡಿಯುತ್ತಿತ್ತು. ಲೇಖಕನ ನಿಧಾನವನ್ನು ಅಂದು ನಾನು ಕ್ಷಮಿಸಿದೆ.

ಮೊದಲು ಬಲಗಣ್ಣು, ಕೆಲವು ವಾರಗಳ ಮೇಲೆ ಎಡಗಣ್ಣು. ಕಣ್ಣು ಬಂದ ಮೇಲೆ ಅವರು ಮೊದಲು ಕಂಡದ್ದು ಸೊಸೆಯ ತ್ಯಾಗವನ್ನಲ್ಲ, ಅಟ್ಟದ ಜೇಡರ ಬಲೆಯನ್ನು. "ಅಯ್ಯ ಶಿವನ, ಇಂಥಾ ಮನ್ಯಾಗ ಉಂಡೇನಿ ನಾ ಇಷ್ಟ ದಿನಾ?" ಎಂದು ಕಣ್ಣಿಗೆ ಹಾಕಿಕೊಂಡ ಕಪ್ಪು ಚಾಳೀಸಿನೊಳಗಿಂದಲೇ ಮೂಲೆಮೂಲೆ ತೋರಿಸಿದರು. ನಾನು ಕಸಬರಿಗೆಯನ್ನು ಕೋಲಿಗೆ ಕಟ್ಟಿಕೊಂಡು ಮೀಮಾಂಸೆ ಮರೆತೆ.

ಓದಲು ಹೊಸ ಚಾಳೀಸು ಬಂದ ದಿನ ಜೋಳದ ಡಬ್ಬಿಯಿಂದ ಪುಸ್ತಕ ಎದ್ದುಬಂತು. ಈಗ ಅತ್ತೆ ಅಕ್ಷರಕ್ಕೆ ಅಕ್ಷರ ಕೂಡಿಸಿ, ಸಾಲಿಯ ರಾಗದಲ್ಲಿ, ಬೆರಳಿಟ್ಟು ಓದಿದರು, ನಾವಿಬ್ಬರೂ ಕೇಳಿದೆವು. ಅದಕ್ಕಿಂತ ನಿಧಾನದ ಕಾದಂಬರಿ ಲೋಕದಲ್ಲಿರಲಾರದು. ಬೀಗದ ಕೋಣೆ ಬರಿದೇ ಖಾಲಿ ಇತ್ತು. ತಮ್ಮನನ್ನು ನೂಕಿ ಕೊಂದವನು, ಅಧ್ಯಾಯಕ್ಕೊಮ್ಮೆ ಬಂದು ಚಹಾ ಕುಡಿದು ಹೋಗುತ್ತಿದ್ದ ಮನೆಯ ಡಾಕ್ಟರು. "ನಾ ಮೊದಲ ಹೇಳಿದ್ದಿಲ್ಲ?" ಎಂದರು ಅತ್ತೆ. ಅವರು ಒಂದೊಂದು ದಿನ ಒಬ್ಬೊಬ್ಬರನ್ನು ಕೊಲೆಗಾರರೆಂದು ಹೇಳಿದ್ದರು, ಮಾರ್ಗವ್ವನನ್ನೂ ಬಿಟ್ಟಿರಲಿಲ್ಲ.

ಪುಸ್ತಕ ಮುಗಿದ ಆ ಸಂಜೆ ಅವರು ವಿಭೂತಿ ಹಚ್ಚಿಕೊಳ್ಳಲೆಂದು, ಕಣ್ಣು ಬಂದ ಮೇಲೆ ಮೊದಲ ಸಲ, ಕಪಾಟಿನ ಕನ್ನಡಿಯ ಮುಂದೆ ನಿಂತರು. ಎಷ್ಟೋ ವರ್ಷಗಳಿಂದ ತಮ್ಮ ಮುಖ ಕಾಣದೆ ಬೆರಳ ಅಂದಾಜಿನಲ್ಲೇ ಹಚ್ಚಿಕೊಂಡವರು ಅವರು. ಕೈ ಹಣೆಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಬಹಳ ಹೊತ್ತು ಅಲುಗದಿದ್ದುದನ್ನು ಕಂಡು ನಾನು ಗಾಬರಿಯಿಂದ ಹತ್ತಿರ ಹೋದೆ.

"ಯಾಕ್ರಿ ಅತ್ತಿ? ಕಣ್ಣ ನೋಯಾಕತ್ತಾವೇನ್ರಿ?"

"ಇಲ್ಲವಾ" ಎಂದರು ಅವರು, ಕನ್ನಡಿಯಿಂದ ಕಣ್ಣು ಕೀಳದೆ. "ನೋಡಿಲ್ಲಿ, ನಮ್ಮವ್ವ ಬಂದಾಳ."

ಆಮೇಲೆ, ಜಾರಿದ್ದ ಸೆರಗನ್ನು ಹಿರಿಯರ ಮುಂದೆ ನಿಂತವರಂತೆ ಮೆಲ್ಲಗೆ ತಲೆಯ ಮೇಲೆ ಎಳೆದುಕೊಂಡರು.