ನಸ್ರೀನ್ ತಲೆ ತಗ್ಗಿಸಿದಾಗ

“ನಸ್ರೀನ್, ಏಳವಾ! ಕಣ್ಣ ತಗಿ!” ಎಂದು ಕಿರುಚುತ್ತಲೇ ನಾನು ಪಕ್ಕದ ಸೀಟಿನಿಂದ ಬಾಗಿ ಸ್ಟಿಯರಿಂಗ್ ಹಿಡಿದೆಳೆದೆ. ಕಾರು ಪಕ್ಕದ ಲೇನಿಗೆ ನುಗ್ಗಿತು. ಅಲ್ಲಿ ಬರುತ್ತಿದ್ದ ಟ್ರಕ್ಕಿನ ಹಾರ್ನ್ ನನ್ನ ಎದೆಯೊಳಗೇ ಬಡಿದಂತಾಯಿತು. ನಸ್ರೀನ್ ನನ್ನ ಕೈ ತಳ್ಳಿ, ಕಾರನ್ನು ನಮ್ಮ ಲೇನಿಗೆ ಮರಳಿಸಿ, ಮುಂದೆ ಜಾಗ ಸಿಕ್ಕಲ್ಲಿ ರಸ್ತೆಬದಿಗೆ ನಿಲ್ಲಿಸಿದಳು.

ಮೈಸೂರಿನ ಈ ಹುಡುಗಿ ಅಮೆರಿಕದ ನ್ಯೂಕ್ಯಾಸಲ್‌ನಲ್ಲಿ ನಮ್ಮ ಪಕ್ಕದ ಮನೆಗೆ ಹೊಸದಾಗಿ ಬಂದವಳು. ಕ್ರಾಸ್‌ರೋಡ್ಸ್ ಮಾಲ್‌ನಿಂದ ಸಾಮಾನು ತರಲು ಮೊದಲ ಸಲ ಅವಳ ಕಾರು ಹತ್ತಿದ್ದೆ. ಬೆಂಗಳೂರಿನ ಆಫೀಸಿನವರೊಂದಿಗೆ ರಾತ್ರಿಯೆಲ್ಲ ಕಾಲ್ ಇತ್ತೆಂದು ಹೊರಡುವಾಗಲೇ ಹೇಳಿದ್ದಳು. ದಾರಿಯಲ್ಲಿ ಅವಳ ತಲೆ ಮತ್ತೆ ಮತ್ತೆ ಮುಂದಕ್ಕೆ ವಾಲುತ್ತಿತ್ತು. ತೂಕಡಿಸುತ್ತಿದ್ದಾಳೆ ಎಂದೇ ನಾನು ಜೀವ ಕೈಯಲ್ಲಿ ಹಿಡಿದು ಕೂತಿದ್ದೆ.

“ನಿದ್ದೆ ಅಲ್ಲ ಆಂಟಿ, ಸಿಗ್ನಲ್ ನೋಡ್ತಿದ್ದೆ” ಎಂದು ಅವಳು ಕನ್ನಡಕ ತೆಗೆದು ತೋರಿಸಿದಳು. ಗಾಜಿನ ಮೇಲಂಚಿನಲ್ಲಿ ಬೆರಳ ತುದಿಯಷ್ಟು ಪುಟ್ಟ ದುರ್ಬೀನು. ಅವಳ ದೃಷ್ಟಿ ಮಂದ. ಗದ್ದ ತಗ್ಗಿಸಿದರೆ ದೂರದ್ದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದಂತೆ. ಅದಕ್ಕೆಂದೇ ಇರುವ ತರಬೇತಿ, ಪರೀಕ್ಷೆ ಎಲ್ಲ ಮುಗಿಸಿಯೇ ಲೈಸೆನ್ಸ್ ಪಡೆದಿದ್ದಳು. ಹೇಳುತ್ತಲೇ ಕನ್ನಡಕವನ್ನು ಮತ್ತೆ ಹಾಕಿಕೊಂಡಳು. “ಈಗೇನಾದ್ರೂ ಆಗಿದ್ರೆ, ನನ್ನ ಕಣ್ಣಿಂದಾನೇ ಆಯ್ತು ಅಂತಿದ್ರು ಆಂಟಿ, ಎಲ್ರೂ.”

ಮುಂದಿನ ವಾರ ಅವಳೇ ಮತ್ತೆ ಕರೆದಳು. ಹೋದೆ, ಆದರೆ ಹಿಂದಿನ ಸೀಟಿನಲ್ಲಿ ಕೂತೆ. ಅವಳು ತಲೆ ತಗ್ಗಿಸಿದಾಗಲೆಲ್ಲ ನನ್ನ ಕೈ ತಾನಾಗಿಯೇ ಮುಂದಕ್ಕೆ ಚಾಚುತ್ತಿತ್ತು. ಮನೆ ಮುಟ್ಟುವವರೆಗೂ ಅದನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡಿದ್ದೆ.