ಬರಿಗೈಯ ಗೃಹಪ್ರವೇಶ

ಮುಯ್ಯಿ ಮಾಡುವುದರಲ್ಲಿ ನಾನು ಯಾರಿಗೂ ಕಡಿಮೆ ಇರಲಿಲ್ಲ. ಗುಬ್ಬಿಯ ಚಿಕ್ಕಪ್ಪ ಮನೆ ಕಟ್ಟಿಸಿದಾಗ ಬೆಳ್ಳಿ ದೀಪ ಕೊಟ್ಟೆ, ಕೋರದ ಸೋದರಮಾವನ ಗೃಹಪ್ರವೇಶಕ್ಕೆ ಫ್ರಿಜ್ಜನ್ನೇ ಕಳಿಸಿದೆ. ನಾನಿದ್ದದ್ದು ಉಪ್ಪಾರಹಳ್ಳಿಯ ಬಾಡಿಗೆ ಮನೆಯಲ್ಲಿ, ಕೊಟ್ಟದ್ದೆಲ್ಲ ಕ್ರೆಡಿಟ್ ಕಾರ್ಡಿನಲ್ಲಿ. ಮುಂದೆ ನಮ್ಮ ಗೃಹಪ್ರವೇಶಕ್ಕೆ ಅವರೆಲ್ಲ ತಿರುಗಿ ಮಾಡಲೇಬೇಕಲ್ಲ ಎನ್ನುವುದು ನನ್ನ ಲೆಕ್ಕ. “ಗೃಹ ಎಲ್ಲಿದೆ?” ಅಂತ ಹೆಂಡತಿ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಮರಳೂರಿನಲ್ಲಿ ಎರಡು ಕೋಣೆಯ ಮನೆಯೊಂದು ನಮಗೆ ಒಪ್ಪಿಗೆಯಾಯಿತು. ಯುಗಾದಿವರೆಗೆ ಬೇರೆಯವರಿಗೆ ಕೊಡುವುದಿಲ್ಲ ಎಂದು ಮಾಲೀಕರು ಮಾತು ಕೊಟ್ಟರು. ಮನೆ ಸಾಲಕ್ಕೆ ಹೋದರೆ ಬ್ಯಾಂಕಿನವರು ಮಾತ್ರ ಕಾಗದ ನೋಡಿ, ಕಾರ್ಡಿನ ಬಾಕಿ, ಬೈಕಿನ ಸಾಲ, ಹೆಂಡತಿಯ ಸರ ಅಡವಿಟ್ಟ ಸಾಲ ಮೂರನ್ನೂ ತೀರಿಸಿ ಬನ್ನಿ ಎಂದರು. ಅವತ್ತೇ ಹೆಂಡತಿ ಅಡಕತ್ತರಿಯಲ್ಲಿ ನನ್ನ ಕಾರ್ಡನ್ನು ಎರಡು ಹೋಳು ಮಾಡಿದಳು.

“ಹೊಟ್ಟೆಗೆ ಹಿಟ್ಟಿಲ್ದೆ ಇದ್ರೂ ಜುಟ್ಟಿಗೆ ಮಲ್ಲಿಗೆ. ಇನ್ಮೇಲೆ ಸಾಲ ತೀರೋವರ್ಗೂ ಮುಯ್ಯಿ ಇಲ್ಲ.”

ಬೈಕು ಮಾರಿ ಅದರ ಸಾಲ ಮುಗಿಸಿದೆ, ಸಿಟಿ ಬಸ್ಸಿನಲ್ಲಿ ಜೋತುಬಿದ್ದು ಕೆಲಸಕ್ಕೆ ಹೋದೆ. ತಿಂಗಳು ತಿಂಗಳು ಕಾರ್ಡಿನ ಬಾಕಿ ಇಳಿಯುತ್ತಿದ್ದರೆ, ನಿಜ ಹೇಳಬೇಕೆಂದರೆ, ಖುಷಿಯಾಗುತ್ತಿತ್ತು. ಅಷ್ಟರಲ್ಲಿ ಕುಣಿಗಲ್ಲಿನಿಂದ ಅಕ್ಕನ ಫೋನು, ಅವಳ ಹೊಸ ಮನೆಯ ಗೃಹಪ್ರವೇಶ ಅಂತ.

“ಒಡಹುಟ್ಟಿದ ಅಕ್ಕ ಕಣೇ. ತವರಿನ ಸೀರೆನಾದ್ರೂ ಬೇಡ್ವಾ?”

“ಅತ್ತಿಗೆಗೆ ನಾನು ಆಮೇಲೆ ಹೇಳ್ತೀನಿ. ನೀವು ಸುಮ್ನೆ ಬನ್ನಿ.”

ಮಡಿಲಕ್ಕಿ, ರವಿಕೆ ಕಣ, ಎರಡು ತೆಂಗಿನಕಾಯಿ. ಅಷ್ಟೇ ಹಿಡಿದು ಹೋದೆವು. ಶಾಮಿಯಾನದ ಬಾಗಿಲಲ್ಲೇ ಮುಯ್ಯಿ ಬರೆದುಕೊಳ್ಳಲು ಭಾವನ ಅಣ್ಣ ನೋಟ್‌ಬುಕ್ ಹಿಡಿದು ಕೂತಿದ್ದರು.

“ತಮ್ಮಂದು ಏನ್ ಬರ್ಕೊಳ್ಲಪ್ಪ?” ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

“ಈ ಸಲ ಏನಿಲ್ಲ. ಸಾಲ ತೀರಿಸ್ತಾ ಇದೀವಿ,” ಎಂದೆ.

ಯಾರೋ ಕಿಸಕ್ಕನೆ ನಕ್ಕರು. ಊಟಕ್ಕೆ ಕೂತವನು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಹೆಂಡತಿಯ ಪಕ್ಕ ಬಿಟ್ಟು ಹಿಂದಿನ ಸೀಟಿನಲ್ಲಿ ಕೂತೆ. ಅವಳ ತಪ್ಪೇನೂ ಇಲ್ಲವೆಂದು ಗೊತ್ತಿದ್ದೂ ಮುನಿಸಿಕೊಂಡಿದ್ದೆ.

ಮುಂದಿನ ಭಾನುವಾರ ಅಕ್ಕ ಹೇಳದೆ ಕೇಳದೆ ಉಪ್ಪಾರಹಳ್ಳಿಗೆ ಬಂದಳು. ಬೈಗುಳಕ್ಕೆ ಸಿದ್ಧನಾದೆ. ಅವಳು ಬ್ಯಾಗಿನಿಂದ ದುಡ್ಡಿನ ಕವರೊಂದನ್ನು ತೆಗೆದು ನನ್ನ ಮುಂದಿಟ್ಟಳು.

“ನಿಮ್ಮನೆ ಗೃಹಪ್ರವೇಶಕ್ಕೆ ಇಡ್ಬೇಕಿದ್ದ ಮುಯ್ಯಿ ಕಣ್ಲಾ. ಆವತ್ತು ಕೊಟ್ರೆ ಇನ್ನೊಂದು ಕುಕ್ಕರ್ ಆಯ್ತದೆ. ಇವತ್ತೇ ತಗೊಂಡು ಅವಳ ಸರ ಬುಡುಸ್ಕೊ.”

“ನಿಂಗೆ ಸೀರೆನೂ ತರ್ಲಿಲ್ವಲ್ಲಕ್ಕ...”

“ಎಲ್ರ ಮುಂದೆ ಸಾಲ ಅಂತ ಬಾಯ್ ಬಿಟ್ಯಲ್ಲ, ಅದಕ್ಕೇ ನಂಗೆ ಗೊತ್ತಾಗಿದ್ದು. ಸರದ ವಿಷ್ಯ ಆಮೇಲೆ ಇವಳು ಹೇಳಿದ್ಲು. ಫ್ರಿಜ್ ಕೊಡೋನು ಸಾಹುಕಾರ ಅಂತಲೇ ತಿಳ್ಕೊಂಡಿದ್ದೆ, ದಡ್ಡ ನನ್ಮಗನೆ!”

ನಾನು ಅತ್ತುಬಿಟ್ಟೆ. ಹೆಂಡತಿ ಒಳಗೆ ಹೋಗಿ ಕಾಫಿಗೆ ಇಟ್ಟಳು.

ಸರ ಬಿಡಿಸಿದ ಮೇಲೆ ಉಳಿದಿದ್ದ ಕಾರ್ಡಿನ ಬಾಕಿಯನ್ನೂ ಕಟ್ಟಿ ಮುಗಿಸಿದೆವು. ಯುಗಾದಿಗೆ ಒಂದು ವಾರ ಇರುವಾಗ ಬ್ಯಾಂಕಿನ ಸಾಲ ಮಂಜೂರಾಯಿತು. ಮರಳೂರಿನ ಗೃಹಪ್ರವೇಶಕ್ಕೆ ನೋಟ್‌ಬುಕ್ಕಿನ ಮೇಜು ಹಾಕಲಿಲ್ಲ. ಅಕ್ಕ ಬಂದವಳು ಹೊಸಿಲು ದಾಟಿ, ಎರಡೂ ಕೈ ಬಿಚ್ಚಿ ತೋರಿಸಿ ನಕ್ಕಳು.

“ಏನೂ ತಂದಿಲ್ಲ ಕಣ್ಲಾ.”

“ನೀನು ಕೊಟ್ಟಿದ್ದು ನಿನ್ನ ಕಾಲಡೀಲೇ ಐತೆ, ಬಾರಕ್ಕ,” ಎಂದೆ.