ಎರಡೂ ಕಡೆ ಒಂಬತ್ತು

ಮಾರ್ಚ್ ತಿಂಗಳ ಎರಡನೆಯ ಸೋಮವಾರ, ಬೆಳಿಗ್ಗೆ ಆರು ಗಂಟೆ. ಅಕ್ಕಲಕೋಟೆಯ ನನ್ನ ಮನೆಯ ಪಡಸಾಲೆ. ಹಾಜರಿದ್ದವರು ಮೂವರು: ನಾನು, ವಳಸಂಗದಿಂದ ಮೊದಲ ಬಸ್ಸಿಗೆ ಬಂದ ನನ್ನ ವಿದ್ಯಾರ್ಥಿನಿ, ಅವಳ ಅತ್ತೆ. ನನ್ನ ತಮ್ಮನ ಮಗ ಏಳಕ್ಕೆ ಬಂದ. ಅವನನ್ನು ಯಾರೂ ಕರೆದಿರಲಿಲ್ಲ.

ಅಂದು ಹನ್ನೊಂದಕ್ಕೆ ಹತ್ತನೆಯ ತರಗತಿಯ ಬೀಜಗಣಿತದ ಪರೀಕ್ಷೆ. ಕೇಂದ್ರ ನನ್ನ ಮನೆಯಿಂದ ಎರಡು ಓಣಿ ಆಚೆ. ವಿದ್ಯಾರ್ಥಿನಿ ಎಂದೊಡನೆ ಎರಡು ಜಡೆ, ನೀಲಿ ರಿಬ್ಬನ್ನು ಎಂದು ತಿಳಿಯಬೇಡಿ. ಅವಳಿಗೆ ಮೂವತ್ತಾರು ವರ್ಷ. ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಟವೆಲ್ ಕಾರ್ಖಾನೆಯಲ್ಲಿ ದಿನವಿಡೀ ನಿಂತು ಟವೆಲ್ ಮಡಚುತ್ತಾಳೆ. ನಿಂತು ನಿಂತು ಮೊಣಕಾಲಿನ ಕೆಳಗೆ ನರಗಳು ಬಳ್ಳಿಯಂತೆ ಉಬ್ಬಿವೆ. ಅದೇ ಕಾರ್ಖಾನೆಯಲ್ಲಿ ಚೆಕರ್ ಎಂಬ ಕೆಲಸವಿದೆ. ಚೆಕರ್ ಆದವಳು ಸ್ಟೂಲಿನ ಮೇಲೆ ಕೂತು, ದೀಪದ ಕೆಳಗೆ ಬಟ್ಟೆ ಹಿಡಿದು, ಎಳೆ ತಪ್ಪಿದ ಕಡೆ ಗುರುತು ಹಾಕುತ್ತಾಳೆ. ಕೂತು ಮಾಡುವ ಕೆಲಸ. ಅದಕ್ಕೆ ಹತ್ತನೆಯದು ಪಾಸಾಗಿರಬೇಕು. ಅವಳು ಖಾಸಗಿಯಾಗಿ ಪರೀಕ್ಷೆಗೆ ಕೂತು ಉಳಿದ ವಿಷಯಗಳನ್ನೆಲ್ಲ ಹಿಂದಿನ ಸಲವೇ ಮುಗಿಸಿದ್ದಳು. ಗಣಿತದಲ್ಲಿ ಮಾತ್ರ ಮೂರು ಅಂಕ ಕಡಿಮೆ ಬಿದ್ದಿದ್ದವು. ಆ ಮೂರು ಅಂಕ ಎಲ್ಲಿ ಹೋದವು ಎಂಬುದು ನಮ್ಮಿಬ್ಬರಿಗೂ ಗೊತ್ತು: ‘ವರ್ಗ ಪೂರ್ಣಗೊಳಿಸುವ ವಿಧಾನದಿಂದ ಬಿಡಿಸಿರಿ’ ಎಂಬ ಲೆಕ್ಕದಲ್ಲಿ. ಈ ಸಲದ ಫಲಿತಾಂಶದವರೆಗೆ ಮಾತ್ರ ಜಾಗ ಖಾಲಿ ಇಡುತ್ತೇನೆ ಎಂದು ಅವಳ ಸೂಪರ್‌ವೈಸರ್ ಹೇಳಿದ್ದ.

ಅತ್ತೆ ಬಂದದ್ದು ಸೊಸೆಯ ಪರೀಕ್ಷೆಗಲ್ಲ, ಅಕ್ಕಲಕೋಟೆಯ ಸ್ವಾಮಿಗಳ ದರ್ಶನಕ್ಕೆ, ದರ್ಶನದ ನಂತರ ಮಠದಲ್ಲಿ ಸಿಗುವ ಊಟಕ್ಕೆ. ಬರುತ್ತಲೇ ಬೀರೋಬಾ ದೇವರ ಅರಿಸಿನದ ಭಂಡಾರ ತೆಗೆದು ಸೊಸೆಯ ಹಣೆಗೆ ಹಚ್ಚಿದಳು, ನನ್ನ ಹಣೆಗೆ ಹಚ್ಚಿದಳು, ಕೊನೆಗೆ ಹಾಲ್ ಟಿಕೆಟ್ಟಿಗೂ ಹಚ್ಚಿದಳು. ಅಂಕಿಯ ಮೇಲಿನ ಅರಿಸಿನ ಝಾಡಿಸಲು ನನಗೆ ಎರಡು ನಿಮಿಷ ಹಿಡಿಯಿತು. ಆಮೇಲೆ ಆಕೆ ಗೋಡೆಗೆ ಒರಗಿ, ಚಿಂದಿ ಗಂಟು ಬಿಚ್ಚಿ, ಕೌದಿ ಹೊಲಿಯಲು ಕೂತಳು. ಹೋದಲ್ಲೆಲ್ಲ ಆ ಗಂಟನ್ನು ಒಯ್ಯುವ ಹೆಂಗಸು ಆಕೆ.

ನನ್ನ ಮನೆಯಲ್ಲಿ ಕೆಲಸ ಮೊದಲು, ಚಹಾ ಆಮೇಲೆ. ಗಂಟೆ ಬಾರಿಸಿದರೆ ಏಳುವ, ಗಂಟೆ ಬಾರಿಸಿದರೆ ಉಣ್ಣುವ ವಸತಿಶಾಲೆಯಲ್ಲಿ ಬೆಳೆದವಳು ನಾನು. ನಂತರ ಇದೇ ಊರಿನ ಕನ್ನಡ ಶಾಲೆಯಲ್ಲಿ ನಿವೃತ್ತಿಯವರೆಗೆ ಗಣಿತ ಕಲಿಸಿದೆ. ಆರೂ ಐದಕ್ಕೆ ಹಲಗೆಯನ್ನು ಮೇಜಿನ ಮೇಲೆ ನಿಲ್ಲಿಸಿದೆ. ಮೇಜು ಅಲುಗಾಡಿತು. ಅದರ ಒಂದು ಕಾಲು ಗಿಡ್ಡ. ಬಡಗಿ ಎರಡು ಸಲ ಬಂದು, ಎರಡು ಸಲವೂ ಬೇರೆ ಬೇರೆ ಕಾಲು ಕೊಯ್ದು, ಈಗ ಸರಿ ಆತ್ರಿ ಎಂದು ಹೋಗಿದ್ದ. ಈ ಊರಿನಲ್ಲಿ ಅಳತೆ ಮಾಡಿ ಕೊಯ್ಯುವವರು ಸಿಗುವುದಿಲ್ಲ. ಕೊಯ್ದು ಅಳತೆ ನೋಡುವವರೇ ಎಲ್ಲ.

x² + 6x − 16 = 0 ಎಂದು ಬರೆದು, ಮೂರೂ ವಿಧಾನದಿಂದ ಬಿಡಿಸು ಎಂದೆ.

ಅಪವರ್ತನ ಅವಳಿಗೆ ಚೆನ್ನಾಗಿ ಬರುತ್ತದೆ. ಗುಣಿಸಿದರೆ ಮೈನಸ್ ಹದಿನಾರು, ಕೂಡಿಸಿದರೆ ಆರು ಆಗುವ ಎರಡು ಸಂಖ್ಯೆ ಹುಡುಕಬೇಕು. ಎಂಟು, ಮೈನಸ್ ಎರಡು ಎಂದು ಕೂಡಲೇ ಹೇಳಿದಳು. ಉತ್ತರ ಎರಡು ಮತ್ತು ಮೈನಸ್ ಎಂಟು. ಸೂತ್ರ ಹಾಕಿದಳು, ಮತ್ತೆ ಅದೇ ಎರಡು, ಅದೇ ಮೈನಸ್ ಎಂಟು. ಮೂರನೆಯದಾಗಿ ವರ್ಗ ಪೂರ್ಣಗೊಳಿಸಿದಳು. ಒಂದು ಮತ್ತು ಮೈನಸ್ ಏಳು ಬಂತು.

“ಲೆಕ್ಕ ಒಂದ, ಉತ್ತರ ಎರಡು ಜೋಡಿ,” ಎಂದೆ. “ಯಾವ ಜೋಡಿ ಖರೇ?”

“ಮೊದಲಿಂದ್ರಿ ಅಕ್ಕೋರ.”

“ಇದು ಸುಳ್ಳಂತ ಗೊತ್ತಿದ್ದ ಬರದಿ?”

“ಕೈ ಹಂಗ ಹೋಗ್ತದ್ರಿ.”

ಕೈಯ ಮೇಲೆ ತಪ್ಪು ಹೊರಿಸುವುದು ನಾನು ಕಲಿಸಿದ ಎಲ್ಲ ತಲೆಮಾರುಗಳ ಅಭ್ಯಾಸ. ಕೈಗೆ ಪಾಪ ಬಾಯಿಲ್ಲ.

ಅಷ್ಟರಲ್ಲಿ ತಮ್ಮನ ಮಗ ಮೋಟರ್‌ಸೈಕಲ್ ನಿಲ್ಲಿಸಿ ಒಳಗೆ ಬಂದ. ಸೊಲ್ಲಾಪುರದಲ್ಲಿ ನಮ್ಮ ತವರಿನವರದು ಬಟ್ಟೆಯ ವ್ಯಾಪಾರ. ಇವನು ಅಂಗಡಿಯಲ್ಲಿ ಕೂರಲಾರದೆ ಕೋಚಿಂಗ್ ಕ್ಲಾಸ್ ತೆರೆದಿದ್ದಾನೆ. ಬಟ್ಟೆಯನ್ನಾದರೆ ಗಿರಾಕಿ ಮುಟ್ಟಿ ನೋಡುತ್ತಾನೆ. ಗಣಿತವನ್ನು ಯಾರೂ ಮುಟ್ಟಿ ನೋಡುವುದಿಲ್ಲ, ಹಾಗಾಗಿ ಮಾರುವುದು ಸುಲಭ. ಅಂದು ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಮಕ್ಕಳಿಗೆ ಹಂಚಲು ಒಂದು ಕಟ್ಟು ಕಾರ್ಡು ತಂದಿದ್ದ. ಕಾರ್ಡಿನ ತುಂಬ ಕೈಕಟ್ಟಿ ನಿಂತ ಅವನದೇ ಫೋಟೊ. ಉಳಿದ ಜಾಗದಲ್ಲಿ ವರ್ಗ ಸಮೀಕರಣದ ಸೂತ್ರ. ಕೆಳಗೆ ಮರಾಠಿಯಲ್ಲಿ, ಒಂದೇ ಸೂತ್ರ, ಎಲ್ಲ ಲೆಕ್ಕ ಎಂಬ ಘೋಷಣೆ.

ಅವನು ನನ್ನನ್ನು ಮರಾಠಿ ರೀತಿಯಲ್ಲಿ ಆತ್ಯಾ ಎನ್ನುತ್ತಾನೆ. “ಆತ್ಯಾ, ಆ ಮೂರನೇ ಪದ್ಧತಿ ಸೋಡ್ರಿ ಇನ್ನ. ನಮ್ಮ ಕ್ಲಾಸಿನ್ಯಾಗ ನಾವು ಅದನ್ನ ಹೇಳೋದ ಇಲ್ಲ. ಸೂತ್ರದಾಗ ಕಿಂಮತಿ ತುಂಬೋದು, ಉತ್ತರ ಹೊರಗ.”

“ಪ್ರಶ್ನಿ ಪತ್ರಿಕಿಯೊಳಗ ವರ್ಗ ಪೂರ್ಣ ಮಾಡಂತ ಕೊಟ್ರ?”

“ಆಪ್ಷನ್‌ಗಿ ಬಿಡೋದು.”

“x² = 5x ಅಂತ ಕೊಟ್ರ?”

“ಅದಕ್ಕೂ ಸೂತ್ರನ.”

ಹತ್ತು ಸೆಕೆಂಡಿನಲ್ಲಿ ಮುಗಿಯುವ ಲೆಕ್ಕಕ್ಕೆ ಸೂತ್ರ ಹಚ್ಚುವುದೆಂದರೆ ಒಂದು ಲೋಟ ಮಜ್ಜಿಗೆ ಕಡೆಯಲು ಅಂಗಳಕ್ಕೆ ಟ್ರ್ಯಾಕ್ಟರ್ ತರಿಸಿದಂತೆ. ಅವನ ಮಕ್ಕಳು ಹಾಗೆ ಮಾಡಿದ್ದನ್ನು ನಾನೇ ನೋಡಿದ್ದೇನೆ: ಪುಟ ತುಂಬ ಬರೆದು, ಇಲ್ಲದ c ಎಲ್ಲಿದೆ ಎಂದು ಹುಡುಕಲು ಹೋಗಿ ಬೆವರುತ್ತಾರೆ. ಇನ್ನೂ ಬುದ್ಧಿವಂತರು ಎರಡೂ ಕಡೆಯ x ಹೊಡೆದು ಹಾಕಿ, ಐದು ಎಂದು ಬರೆದು, ಸೊನ್ನೆ ಎಂಬ ಇನ್ನೊಂದು ಉತ್ತರವನ್ನು ದಾರಿಯಲ್ಲೇ ಕಳೆದುಕೊಂಡು ಮನೆಗೆ ಬರುತ್ತಾರೆ.

ಕಾರ್ಡು ತೆಗೆದುಕೊಂಡು ನೋಡಿದೆ. ಭಾಗಾಕಾರದ ಗೆರೆ ವರ್ಗಮೂಲದ ಕೆಳಗೆ ಮಾತ್ರ ಇತ್ತು. ಮೈನಸ್ b ಗೆರೆಯ ಆಚೆ ಒಂಟಿಯಾಗಿ ಕೂತಿತ್ತು, ಪಂಕ್ತಿಯಲ್ಲಿ ಎಲೆ ಸಿಗದವನ ಹಾಗೆ.

“ಈ ಕಾರ್ಡಿನ ಪ್ರಕಾರ ಇಕಿ ಲೆಕ್ಕ ಮಾಡಿದ್ರ ಮೈನಸ್ ಒಂದು, ಮೈನಸ್ ಹನ್ನೊಂದು ಬರ್ತದ,” ಎಂದೆ. “ಇದು ಮೂರನೇ ಜೋಡಿ. ಒಂದೇ ಸೂತ್ರ ಅಂದ್ಯಲ್ಲ, ಅದೂ ಸುಳ್ಳ.”

ಅವನು ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದ. “ಪ್ರಿಂಟರ್ ಮಿಸ್ಟೇಕ್ ಆತ್ಯಾ. ಪೋರರಿಗಿ ಗೊತ್ತಿರ್ತದ.”

“ಗೊತ್ತಿದ್ದ್ರ ನಿನ್ನ ಕ್ಲಾಸಿಗಿ ಯಾಕ ಬರ್ತಿದ್ರು? ಅಳತಿ ಪಟ್ಟಿ ತಗೊ, ಪೆನ್ ತಗೊ, ಆ ಮೂಲ್ಯಾಗ ಕುಂದ್ರು. ಒಂದೊಂದು ಕಾರ್ಡಿಗೂ ಗೆರಿ ಉದ್ದ ಮಾಡು. ಮುಗಿಯೂ ತನಾ ಚಹಾ ಇಲ್ಲ.”

ಅವನು ನಕ್ಕ. ನಾನು ನಗಲಿಲ್ಲ. ಕೂತು ಗೆರೆ ಎಳೆಯತೊಡಗಿದ. ಮೊದಲ ಹತ್ತರಲ್ಲಿ ನಾಲ್ಕು ಸೊಟ್ಟಗಿದ್ದವು. ಅವನ್ನು ಮತ್ತೆ ಎಳೆಸಿದೆ.

ನಾನು ವಿದ್ಯಾರ್ಥಿನಿಯ ಕಡೆ ತಿರುಗಿದೆ. ಹಲಗೆಯಿಂದ ಆಗದ್ದನ್ನು ಬಟ್ಟೆಯಿಂದ ಮಾಡಿ ನೋಡೋಣ ಎಂದು ಅತ್ತೆಯ ಗಂಟಿನಿಂದ ಒಂದು ಚೌಕ ಟವೆಲ್ ತುಂಡು ತೆಗೆದು ನೆಲದ ಮೇಲೆ ಹಾಸಿದೆ. ಅದರ ಒಂದು ಬದಿ x. ಅಷ್ಟೇ ಉದ್ದದ, ಆರು ಬೆರಳು ಅಗಲದ ಒಂದು ಪಟ್ಟಿ ತೆಗೆದೆ, ಅದು 6x. ಪಟ್ಟಿಯನ್ನು ಉದ್ದಕ್ಕೆ ಸರಿಯಾಗಿ ಎರಡು ಮಾಡಿ ಒಂದನ್ನು ಚೌಕದ ಬಲಕ್ಕೆ, ಇನ್ನೊಂದನ್ನು ಕೆಳಕ್ಕೆ ಜೋಡಿಸು ಎಂದೆ. ಅತ್ತೆ ಕತ್ತರಿ ಕೊಡಲು ಸ್ವಲ್ಪ ಕೊಸರಾಡಿದಳು.

“ಚಲೋ ಪಟ್ಟಿ ಐತ್ರಿ ಅದು.”

“ನಿಮ್ಮ ಸೊಸಿ ಪಾಸಾದ್ರ ಇಂಥಾವು ನೂರು ತರ್ತಾಳ.”

“ಪಾಸಾಗಲಾರದನ ತರ್ತಾಳ್ರಿ ಈಗ.”

ಸೊಸೆ ಪಟ್ಟಿ ಕತ್ತರಿಸಿ ಜೋಡಿಸಿದಳು. ದೊಡ್ಡ ಚೌಕ ಆಗುವುದರಲ್ಲಿತ್ತು. ಬಲಗಡೆಯ ಕೆಳಮೂಲೆ ಮಾತ್ರ ಖಾಲಿ. ಅಲ್ಲಿ ಏನು ಬೇಕು ಎಂದು ನಾನು ಕೇಳುವ ಮೊದಲೇ ಅವಳು ಗಂಟಿಗೆ ಕೈ ಹಾಕಿ, ಮೂರು ಬೆರಳು ಉದ್ದ ಮೂರು ಬೆರಳು ಅಗಲದ ಕೆಂಪು ತುಂಡೊಂದನ್ನು ಎಳೆದು ಮೂಲೆಗೆ ಕೂಡಿಸಿದಳು. ಕೌದಿ ಹೊಲಿಯುವ ಮನೆಯವಳು; ಬರಿದಾದ ಮೂಲೆಯನ್ನು ನೋಡಿ ಸುಮ್ಮನಿರಲಾರಳು.

“ಚೌಕ ಆತ್ರಿ,” ಎಂದು ಎದ್ದು, ಹದಿನಾರನ್ನು ಬಲಕ್ಕೆ ಒಯ್ದು, ಹಲಗೆಯ ಮೇಲೆ (x + 3)² = 16 ಎಂದು ಬರೆದಳು. ಅದೇ ತಪ್ಪು.

“ಆ ಕೆಂಪು ತುಣಕು ಎಲ್ಲಿಂದ ಬಂತು?”

“ಗಂಟಿನಾಗಿಂದ್ರಿ.”

“ಅದರ ಲೆಕ್ಕ ಎಲ್ಲದ?”

“ಚಿಂದಿಗಿ ಏನ್ ಲೆಕ್ಕರಿ ಅಕ್ಕೋರ?”

ಇಲ್ಲಿತ್ತು ಗಂಟು. ಚಿಂದಿ ಎಂದರೆ ಪುಕ್ಕಟೆ. ಮೂಲೆ ಖಾಲಿ ಇದ್ದರೆ ಒಂದನ್ನು ಎಳೆದು ಮುಚ್ಚುವುದು, ಯಾರೂ ಕೇಳುವುದಿಲ್ಲ. ಹಾಗೆ ಪುಕ್ಕಟೆ ಬಂದ ಮೂರು ಮೂರಲ ಒಂಬತ್ತನ್ನು ಎಡಗಡೆ ಹೊಲಿದು ಬಲಗಡೆಯ ಹದಿನಾರನ್ನು ಹದಿನಾರಾಗಿಯೇ ಬಿಟ್ಟಿದ್ದಳು. ಹಿಂದಿನ ಪರೀಕ್ಷೆಯಲ್ಲೂ ಹೀಗೆ ಮಾಡಿಯೇ ಸ್ಟೂಲು ಕಳೆದುಕೊಂಡಿದ್ದಳು.

“ಬೀಜಗಣಿತದಾಗ ಚಿಂದಿ ಗಂಟಿಲ್ಲ,” ಎಂದೆ. “ಈ ಕಡಿ ಕೊಟ್ಟಿ. ಆ ಕಡಿ ಯಾಕ ಕೊಡಲಿಲ್ಲ?”

ಅವಳು ಬಾಯಿ ತೆರೆಯುವ ಮೊದಲು ಗೋಡೆಯ ಕಡೆಯಿಂದ, ಸೂಜಿಯಿಂದ ಕಣ್ಣೆತ್ತದೆ, ಅತ್ತೆ ಅಂದಳು: “ಇಕಿದು ಹಳೇ ಚಟರಿ ಅದು.”

“ಯಾವುದು?”

“ಒಬ್ಬಾಕಿಗಿ ಕೊಟ್ಟು ಇನ್ನೊಬ್ಬಾಕಿನ ಬಿಡೋದು. ನನ್ನ ಮಗಳು ಬಸರಿದ್ದಾಗ ಕುಬಸ ಮಾಡಿದ್ವಿ, ಬಾಜೂ ಮನಿ ಅಕ್ಕ ತಂಗಿ ಬಂದಿದ್ರು. ಒಂದ ಚಾಪಿ ಮ್ಯಾಲ ಕುಂತಾರ, ಸರಿಸಮ. ಇಕಿ ಅಕ್ಕನ ಉಡ್ಯಾಗ ಜಂಪರಿನ ಖಣ ಹಾಕಿದ್ಲು, ತಂಗಿಗಿ ಬರೇ ಕುಂಕುಮ. ಎರಡು ವರ್ಷಾತು ನೋಡ್ರಿ, ಆಕಿ ನಮ್ಮ ಹೊಚ್ಚಲ ತುಳದಿಲ್ಲ. ಕೇಳಿದ್ರ ಏನಂತಾಳ? ಖಣ ಒಂದ ಉಳದಿತ್ತು ಅಂತಾಳ. ಒಂದ ಉಳದ್ರ ಇಬ್ಬರಿಗೂ ಕೊಡಬಾರದು. ಮುತ್ತೈದಿಯರನ್ನ ಕುಂದ್ರಿಸಿ ಹಿಂಗ ಮಾಡ್ತಾರೇನ್ರಿ?”

“ಅದನ್ನ ಎಷ್ಟ ಸಲ ಹೇಳ್ತೀರಿ,” ಎಂದಳು ಸೊಸೆ, ಸಿಟ್ಟಿನಿಂದ. ಚಾಕ್‌ಪೀಸು ಕೈಯಲ್ಲೇ ಇತ್ತು. ಹಲಗೆಯನ್ನು ನೋಡಿದಳು, ಸಮಚಿಹ್ನೆಯ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

“ಅಕ್ಕೋರ, ಈ ಬರೋಬರ್ ಚಿನ್ಹೆದ ಆ ಕಡಿನೂ ಒಬ್ಬಾಕಿ ಕುಂತಂಗ ಏನ್ರಿ?”

“ಕುಂತಾಳ.”

“ಹಂಗಾರ ಆಕಿ ಉಡ್ಯಾಗೂ ಒಂಬತ್ತು ಹಾಕಬೇಕು.”

“ಹಾಕು.”

ಹದಿನಾರಕ್ಕೆ ಒಂಬತ್ತು ಕೂಡಿಸಿ ಇಪ್ಪತ್ತೈದು ಬರೆದಳು. x + 3 ಎಂದರೆ ಐದು, ಇಲ್ಲವೆ ಮೈನಸ್ ಐದು. ಉತ್ತರ ಎರಡು ಮತ್ತು ಮೈನಸ್ ಎಂಟು. ಮೂರೂ ವಿಧಾನ ಒಂದೇ ಕಡೆ ಬಂದು ನಿಂತವು. ಮೂಲೆಯಿಂದ ತಮ್ಮನ ಮಗ, “ಶಾಬ್ಬಾಸ್, ಈ ಖಣದ ಟ್ರಿಕ್ ನಮ್ಮ ಕ್ಲಾಸಿನ್ಯಾಗೂ ಹೇಳಬೇಕು,” ಎಂದ. ನೀನು ಗೆರೆ ಎಳಿ ಎಂದೆ. ಯಾವುದನ್ನು ಕಂಡರೂ ಟ್ರಿಕ್ ಎನ್ನುವವನಿಗೆ ಕಾರಣ ಎಂಬ ಪದಾರ್ಥ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನೂ ಐದು ಲೆಕ್ಕ ಮಾಡಿಸಿದೆ. ಒಂದರಲ್ಲಿ ಅರ್ಧ ಮಾಡುವುದನ್ನು ಮರೆತಳು, ತಾನೇ ತಿದ್ದಿಕೊಂಡಳು. ಎಂಟೂವರೆಗೆ ಎಲ್ಲರಿಗೂ ಚಹಾ, ಉಪ್ಪಿಟ್ಟು. ಹತ್ತೂ ಕಾಲಿಗೆ ಅವಳನ್ನು ಕೇಂದ್ರಕ್ಕೆ ಕಳಿಸಿದೆ. ತಮ್ಮನ ಮಗ ತಿದ್ದಿದ ಕಾರ್ಡುಗಳನ್ನು ಹಿಡಿದು ಹಿಂದೆಯೇ ಹೋದ. ಮೇಜಿನ ಮೇಲೆ ಒಂದು ಕಾರ್ಡು ಉಳಿಯಿತು, ನಾನು ಮೊದಲು ನೋಡಿದ್ದು. ಅತ್ತೆ ದರ್ಶನಕ್ಕೆ ಹೊರಟಳು. ಸೊಸೆಯ ಪೇಪರು ಮುಗಿಯುವ ಮೊದಲು ಊಟದ ಸರತಿ ಮುಗಿದರೆ ಎಂಬುದಷ್ಟೇ ಆಕೆಯ ಚಿಂತೆ.

ಒಂದೂವರೆಗೆ ಸೊಸೆ ಮರಳಿ ಬಂದಳು. ಹೇಗಿತ್ತು ಎಂದು ನಾನು ಕೇಳುವುದಿಲ್ಲ. ಎಲ್ಲರೂ ಸೋಪಿ ಇತ್ತು, ಸುಲಭ ಇತ್ತು ಎನ್ನುತ್ತಾರೆ, ಆಮೇಲೆ ನಪಾಸಾಗುತ್ತಾರೆ. ಅವಳು ನೀರು ಕುಡಿದು, ನಾನು ಹೇಳುವ ಮೊದಲೇ ಚಾಕ್‌ಪೀಸು ಎತ್ತಿಕೊಂಡಳು. ವರ್ಗ ಪೂರ್ಣದ ಲೆಕ್ಕ ಬಂದಿತ್ತು: x² + 10x − 24 = 0. ಇಪ್ಪತ್ತನಾಲ್ಕನ್ನು ಬಲಕ್ಕೆ ಒಯ್ದಳು. ಹತ್ತರ ಅರ್ಧ ಐದು, ಐದರ ವರ್ಗ ಇಪ್ಪತ್ತೈದು. ಎಡಕ್ಕೆ ಇಪ್ಪತ್ತೈದು ಹಾಕಿದಳು. ಸ್ವಲ್ಪ ನಿಂತು ಬಲಕ್ಕೂ ಹಾಕಿದಳು. ನಲವತ್ತೊಂಬತ್ತು, ಏಳು ಮತ್ತು ಮೈನಸ್ ಏಳು. ಉತ್ತರ ಎರಡು ಮತ್ತು ಮೈನಸ್ ಹನ್ನೆರಡು.

“ಅಲ್ಲೂ ಹಿಂಗ ಬರದೀಯೇನು, ಇಲ್ಲೆ ಬಂದ ಮ್ಯಾಲ ನೆನಪಾತೇನು?”

“ಅಲ್ಲೇ ಬರದೀನ್ರಿ. ಇಬ್ಬರಿಗೂ ಕೊಟ್ಟೀನಿ.”

ಎರಡೂ ಉತ್ತರ ಇಟ್ಟು ತಾಳೆ ನೋಡಿಸಿದೆ. ಸೊನ್ನೆ ಬಂತು, ಎರಡು ಸಲವೂ. ಉಳಿದ ಪ್ರಶ್ನೆಗಳನ್ನೂ ಒಂದೊಂದಾಗಿ ಕೇಳಿದೆ. ಎರಡು ತಪ್ಪಿದ್ದಳು, ಒಂದು ಬಿಟ್ಟಿದ್ದಳು. ಪಾಸಿಗೆ ಸಾಕು, ಮೇಲೆ ಸ್ವಲ್ಪ ಉಳಿಯುತ್ತದೆ. ಗಣಿತದ ಎರಡನೆಯ ಪತ್ರಿಕೆಯಾದ ಭೂಮಿತಿಯ ಚಿಂತೆ ಮೊದಲಿನಿಂದಲೂ ಇರಲಿಲ್ಲ. ಬಟ್ಟೆ ಮಡಚುವವಳಿಗೆ ಕೋನ, ಬದಿ ಹೇಳಿಕೊಡಬೇಕಾಗಿಲ್ಲ. ಸ್ಟೂಲು ನಿನ್ನದಾತು ತಿಳಿ ಎಂದೆ. ಅವಳು ನೆಲದ ಮೇಲೆ ಕೂತು ಎರಡೂ ಕಾಲು ಚಾಚಿದಳು.

ಅತ್ತೆ ಉಂಡು ಬಂದಳು. ಪಾಸಾಗುತ್ತಾಳೆ ಎಂದು ಹೇಳಿದೆ. “ಭಂಡಾರ ಹಚ್ಚಿದ್ದೆ ಅಲ್ರಿ,” ಎಂದು ಕತ್ತರಿಸಿದ ಪಟ್ಟಿಗಳನ್ನು ಹುಡುಕಿ, ಕೆಂಪು ತುಂಡನ್ನೂ ಬಿಡದೆ ಗಂಟಿಗೆ ಸೇರಿಸಿದಳು. ನಾಲ್ಕರ ಬಸ್ಸಿಗೆ ಇಬ್ಬರೂ ಹೋದರು.

ಹಲಗೆ ಒರೆಸಿದೆ. ಪಡಸಾಲೆ ಗುಡಿಸಿದೆ. ತಮ್ಮನ ಮಗ ಬಿಟ್ಟುಹೋದ ಕಾರ್ಡನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಗಿಡ್ಡ ಕಾಲಿನ ಕೆಳಗೆ ತುರುಕಿ, ಮೇಲೆ ಅಂಗೈ ಊರಿ ಒತ್ತಿ ನೋಡಿದೆ. ಮೇಜು ಅಲುಗಾಡಲಿಲ್ಲ.